ಹಸಿದ ಬೇರು ಏನು ಮಾಡುತ್ತದೆ?



ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬಿಗಿಯಾಗಿ ಹಿಡಿದಿಡುತ್ತವೆ. ಅದು ಸಾರಜನಕದಂತೆ ನೀರಿನೊಡನೆ ಸುಲಭವಾಗಿ ಹರಿದು ಬರುವುದಿಲ್ಲ. ಬೇರೇ ಅದರ ಬಳಿಗೆ ಹೋಗಬೇಕು.

ರಂಜಕ ಸಾಲದಾದಾಗ ಅನೇಕ ಸಸ್ಯಗಳು ತಾಯಿಬೇರಿನ ಬೆಳವಣಿಗೆ ತಗ್ಗಿಸಿ, ಮೇಲ್ಮಣ್ಣಿನಲ್ಲಿ ಪಕ್ಕದ ಬೇರುಗಳನ್ನೂ ಬೇರುರೋಮಗಳನ್ನೂ ಹೆಚ್ಚಿಸುತ್ತವೆ. ಈ ಕೆಲಸದಲ್ಲಿ ಮುಖ್ಯ ಪಾತ್ರ 'ಆಕ್ಸಿನ್' ಎಂಬ ಚೋದಕದ್ದು. ಅದು ಹೆಚ್ಚಾಗಿ ಎಳೆಯ ಚಿಗುರಿನಲ್ಲಿ ಹುಟ್ಟಿ ಬೇರಿಗೆ ಇಳಿಯುತ್ತದೆ. ರೊಬಸ್ಟಾ ಕಡ್ಡಿಗಳಿಗೆ ಬೇರು ಬರಿಸಲು ಬಳಸುವ ಐ.ಬಿ.ಎ. ಇದೇ ಗುಂಪಿನದು.

ಕಾಫಿಯ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿವೆ. ಸೊರಗಿದ ಗಿಡದ ಬುಡವನ್ನು ಆಳವಾಗಿ ಅಗೆದರೆ, ಅದು ಕಷ್ಟದಲ್ಲಿ ಬಿಟ್ಟ ಬೇರುಗಳನ್ನೇ ನಾವು ಕಡಿದಂತೆ. ಆಹಾರವಿಲ್ಲದ ಮಣ್ಣಿನಲ್ಲಿ ಚೋದಕ ಸುರಿದೂ ಫಲವಿಲ್ಲ.

ಆದ್ದರಿಂದ ಚೋದಕದ ಸೀಸೆ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಹೆಚ್ಚಿದ್ದರೆ ಸುಣ್ಣ ಹಾಕಿ. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಗೊಬ್ಬರವನ್ನು ಮೇಲ್ಮಣ್ಣಿನಲ್ಲಿ ಹಗುರವಾಗಿ ಬೆರೆಸಿ, ದರಗು ಹೊದಿಸಿ. ಬೇರು ಹುಡುಕುವುದು ಅಲ್ಲಿಯೇ.