ಮುಂದಿನ ಬ್ರೇಕು ಹಿಡಿಯಬಹುದೇ?

ಪ್ರಶ್ನೆ: ಮಗನಿಗೆ ಹಾಸನದಲ್ಲಿ ಕೆಲಸ ಸಿಕ್ಕಿದೆ. ದಿನಾ ಹೋಗಿಬರಲು 110 ಸಿಸಿಯ ಬೈಕೊಂದನ್ನು ನೋಡಿಟ್ಟಿದ್ದಾನೆ. ಎಬಿಎಸ್ ಇರುವುದನ್ನೇ ಕೊಡಿ ಎಂದರೆ ಷೋರೂಮಿನವರು, ‘ಇದಕ್ಕೆ ಅದು ಬರಲ್ಲ ಮೇಡಂ, ಸಿಬಿಎಸ್ ಇದೆ, ಸಾಕು’ ಅಂದರು. ನಮ್ಮ ಮನೆಯವರು, ‘ಅದೆಲ್ಲ ಯಾಕೆ, ಮುಂದಿನ ಬ್ರೇಕು ಹಿಡಿಯದಿದ್ದರೆ ಆಯ್ತು’ ಅನ್ನುತ್ತಾರೆ. ಕಾರುಗಳು ತಾವೇ ಬ್ರೇಕು ಹಾಕಿಕೊಳ್ಳುವ ಕಾಲ ಬಂತು, ಸಿಗ್ನಲ್ಲುಗಳಲ್ಲಿ ಬುದ್ಧಿವಂತ ಕ್ಯಾಮೆರಾಗಳು ಬಂದವು. ಆದರೂ ಬೈಕಿನವರು ಸಾಯುವುದು ನಿಂತಿಲ್ಲವಲ್ಲ, ಏಕೆ?
— ಒಬ್ಬ ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಬೈಕು ಕಲಿಸುವ ಪ್ರತಿ ಅಪ್ಪ, ಅಣ್ಣ, ಮಾವ ಹೇಳಿಕೊಡುವ ಮೊದಲ ಪಾಠ ಅದು: ‘ಮುಂದಿನ ಬ್ರೇಕು ಹಿಡೀಬೇಡ, ಪಲ್ಟಿ ಹೊಡೀತೀಯ.’ ಆ ಭಯ ಸುಳ್ಳಲ್ಲ, ಬಿದ್ದವರ ಅನುಭವದಿಂದ ಬಂದದ್ದು. ಆದರೆ ಆ ಪಾಠವನ್ನೇ ನಂಬಿದವರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲಾಗದೆ ಲಾರಿಯ ಹಿಂಬದಿಗೆ ಹೋಗಿ ಬಡಿಯುತ್ತಾರೆ. ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಈ ಎರಡರ ನಡುವೆಯೇ ಇದೆ.

ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಬಸ್ಸು ತಟ್ಟನೆ ನಿಂತರೆ ನಾವು ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ. ಆಗ ಹಿಂದಿನ ಗಾಲಿ ಹಗುರವಾಗುತ್ತದೆ, ನೆಲವನ್ನು ಬಿಗಿಯಾಗಿ ಹಿಡಿದಿರುವುದು ಮುಂದಿನ ಟೈರು. ಹಿಂದಿನ ಬ್ರೇಕನ್ನಷ್ಟೇ ತುಳಿಯುವವನು ಗಾಡಿಗಿರುವ ನಿಲ್ಲುವ ಶಕ್ತಿಯ ದೊಡ್ಡ ಪಾಲನ್ನು ಬಳಸುವುದೇ ಇಲ್ಲ. ಹಾಗೆಂದು ಗಾಬರಿಯಲ್ಲಿ ಮುಂದಿನದನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದರೆ ಗಾಲಿ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಇದಕ್ಕೆ ಗಾಲಿ ‘ಲಾಕ್’ ಆಗುವುದು ಎನ್ನುತ್ತಾರೆ. ಕಾರಿನ ಗಾಲಿ ಲಾಕ್ ಆದರೆ ಕಾರು ಜಾರಿಕೊಂಡೇ ಹೋಗುತ್ತದೆ, ಆದರೆ ನಾಲ್ಕು ಗಾಲಿಯ ಮೇಲೆ ನಿಂತಿರುತ್ತದೆ. ಬೈಕು ನಿಂತಿರುವುದೇ ಮುಂದಿನ ಗಾಲಿ ತಿರುಗುತ್ತಾ, ಹ್ಯಾಂಡಲು ಸಣ್ಣಗೆ ಆಚೀಚೆ ಆಡುತ್ತಾ ಇರುವುದರಿಂದ. ಅದು ಲಾಕ್ ಆದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸವಾರ ನೆಲದ ಮೇಲಿರುತ್ತಾನೆ.

ಎಬಿಎಸ್ ಹುಟ್ಟಿದ್ದು ಈ ಒಂದು ಕ್ಷಣಕ್ಕಾಗಿ. ಎಬಿಎಸ್ ಇರುವ ಬೈಕಿನ ಡಿಸ್ಕಿನ ಪಕ್ಕದಲ್ಲಿ ಸಾಲಾಗಿ ಕಿಂಡಿಗಳಿರುವ ಒಂದು ಸಣ್ಣ ಬಳೆ ಕಾಣುತ್ತದೆ. ಅದರೆದುರಿಗಿನ ಸೆನ್ಸರ್ ಆ ಕಿಂಡಿಗಳನ್ನು ಎಣಿಸುತ್ತಾ ಗಾಲಿಯ ವೇಗವನ್ನು ಅಳೆಯುತ್ತಲೇ ಇರುತ್ತದೆ. ಗಾಲಿ ಲಾಕ್ ಆಗುವ ಸೂಚನೆ ಸಿಕ್ಕರೆ ಬ್ರೇಕಿನ ಒತ್ತಡವನ್ನು ಒಂದಿಷ್ಟು ಸಡಿಲಿಸಿ, ಗಾಲಿ ತಿರುಗಿದೊಡನೆ ಮತ್ತೆ ಬಿಗಿಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ಬಿಟ್ಟು ಹಿಡಿಯುವುದು ಮನುಷ್ಯನ ಬೆರಳಿಗೆ ಸಾಧ್ಯವಿಲ್ಲ. ಬೈಕಿಗೆ ಎಲೆಕ್ಟ್ರಾನಿಕ್ ಎಬಿಎಸ್ ಮೊದಲು ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕಂಪನಿಯ ಕೆ100 ಮಾದರಿಯಲ್ಲಿ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು ಎಬಿಎಸ್ ಇರುವ ಬೈಕುಗಳನ್ನು ಅವೇ ಮಾದರಿಯ ಎಬಿಎಸ್ ಇಲ್ಲದ ಬೈಕುಗಳ ಜೊತೆ ಹೋಲಿಸಿ ನೋಡಿದೆ. ಮೊದಲಿನವುಗಳಲ್ಲಿ ಪ್ರಾಣ ತೆಗೆಯುವ ಅಪಘಾತಗಳ ಪ್ರಮಾಣ ಶೇ 22ರಷ್ಟು ಕಡಿಮೆ. ಅಲ್ಲಿನ ಬೈಕುಗಳು ದೊಡ್ಡವು, ರಸ್ತೆಗಳು ಬೇರೆ. ಆ ಅಂಕಿಯನ್ನು ಹಾಗೇ ಅರಸೀಕೆರೆ ರಸ್ತೆಗೆ ಇಳಿಸಲಾಗದು. ಆದರೆ ಲಾಕ್ ಆದ ಗಾಲಿ ಎಲ್ಲಿಯಾದರೂ ಬೀಳಿಸುವುದೇ.

ಹಾಗಾದರೆ ನಿಮ್ಮ ಮಗ ನೋಡಿದ ಬೈಕಿಗೆ ಅದು ಏಕೆ ಬರುವುದಿಲ್ಲ? ಅದು ಕಾನೂನು ಎಳೆದ ಗೆರೆ. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲ ಮಾದರಿಗಳಿಗೆ ನಮ್ಮಲ್ಲಿ ನಿಯಮ ಬಂತು: 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಗಾಡಿಗೆ ಎಬಿಎಸ್ ಕಡ್ಡಾಯ, ಅಲ್ಲಿಯವರೆಗಿನವಕ್ಕೆ ಸಿಬಿಎಸ್ ಇದ್ದರೂ ಆದೀತು. ಸಿಬಿಎಸ್ ಎಂದರೆ ಒಂದು ಬ್ರೇಕು ಹಿಡಿದರೆ ಎರಡೂ ಗಾಲಿಗಳಿಗೆ ಹಂಚಿಕೊಳ್ಳುವ ಜೋಡಿ ಬ್ರೇಕು. ಮುಂದಿನ ಬ್ರೇಕಿಗೆ ಹೆದರುವವನಿಗೂ ಅದರ ಸ್ವಲ್ಪ ಪ್ರಯೋಜನ ಕೊಡಿಸುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಗಾಲಿ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ‘ಸಿಬಿಎಸ್ ಇದೆ, ಸಾಕು’ ಎಂಬುದು ಕಾನೂನಿನ ಮಟ್ಟಿಗೆ ಸರಿಯಾದ ಮಾತು, ಮಳೆಯಲ್ಲಿ ನೆನೆದ ರಸ್ತೆಯ ಮಟ್ಟಿಗೆ ಅಲ್ಲ.

ಈ ಗೆರೆಯಿಂದ ಆದದ್ದೇನು? ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಗಾರ್ಮೆಂಟ್ಸಿಗೆ ಹೆಂಡತಿಯನ್ನು ಬಿಟ್ಟು ಕೆಲಸಕ್ಕೆ ಓಡುವವರು, ಮೊದಲ ಸಂಬಳದಲ್ಲಿ ಕಂತು ಕಟ್ಟುವ ಹುಡುಗರು ಕೊಳ್ಳುವುದು 100, 110, 125 ಸಿಸಿಯ ಗಾಡಿಗಳನ್ನು. ಮಳೆ, ಮಣ್ಣು, ಕತ್ತಲೆ ಎನ್ನದೆ ದಿನವೂ ರಸ್ತೆಯಲ್ಲಿರುವವರು ಇವರೇ. ರಕ್ಷಣೆ ಮೊದಲು ಸಿಕ್ಕಿದ್ದು ದುಬಾರಿ ಬೈಕಿನವರಿಗೆ. 2025ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಈ ಗೆರೆಯನ್ನು ಅಳಿಸಲು ಕರಡು ಅಧಿಸೂಚನೆ ಹೊರಡಿಸಿತು. 2026ರ ಜನವರಿಯಿಂದ ಸಣ್ಣ ಬೈಕು, ಸ್ಕೂಟರುಗಳಿಗೂ ಎಬಿಎಸ್ ಇರಬೇಕು, ಗಾಡಿಯ ಜೊತೆ ಎರಡು ಹೆಲ್ಮೆಟ್ ಕೊಡಬೇಕು ಎಂಬುದು ಅದರ ಸಾರ. ಬೆಲೆ ಏರುತ್ತದೆ, ಬೇಕಾದಷ್ಟು ಬಿಡಿಭಾಗ ಸಿಗುವುದಿಲ್ಲ ಎಂದು ತಯಾರಕರು ಆಕ್ಷೇಪ ಎತ್ತಿದರು. ಬೆಲೆಯ ಮಾತಿನಲ್ಲಿ ಹುರುಳಿದೆ. ಡ್ರಮ್ ಬ್ರೇಕಿನ ಗಾಡಿಗೆ ಎಬಿಎಸ್ ಬೇಕೆಂದರೆ ಮೊದಲು ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು ಹಾಕಬೇಕು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು.

ಕಾರಿನ ಹಾಗೆ ಬೈಕೂ ತಾನೇ ಬ್ರೇಕು ಹಾಕಿಕೊಳ್ಳಲಿ ಎನ್ನಬಹುದಲ್ಲ? ಕಾರಿನಲ್ಲಿ ಕೂತವರನ್ನು ಬೆಲ್ಟು ಹಿಡಿದಿರುತ್ತದೆ. ಬೈಕಿನ ಮೇಲೆ ಸವಾರನನ್ನು ಹಿಡಿದಿರುವುದು ಅವನದೇ ಕೈಕಾಲು. ಅವನು ಸಿದ್ಧನಿಲ್ಲದಾಗ ಬೈಕು ಗಕ್ಕನೆ ನಿಂತರೆ ಉಳಿಸಬೇಕಾದ ಯಂತ್ರವೇ ಅವನನ್ನು ಎಸೆದೀತು. ಹೀಗಾಗಿ ಇಲ್ಲಿ ತಂತ್ರಜ್ಞಾನ ಎಚ್ಚರದಿಂದ ಹೆಜ್ಜೆ ಇಡುತ್ತಿದೆ. ಡುಕಾಟಿ ಕಂಪನಿಯ ಮಲ್ಟಿಸ್ಟ್ರಾಡ ವಿ4 ಬೈಕಿಗೆ 2020ರಲ್ಲಿ ಹಿಂದೆ ಮುಂದೆ ಎರಡೂ ಕಡೆ ರೇಡಾರ್ ಬಂತು. ಅದು ಮುಂದಿನ ವಾಹನದಿಂದ ಅಂತರ ಕಾಯುತ್ತದೆ, ಹಿಂದೆ ಮರೆಯಲ್ಲಿ ಬರುವ ಗಾಡಿಯ ಬಗ್ಗೆ ಎಚ್ಚರಿಸುತ್ತದೆ. ಅದು ಶ್ರೀಮಂತರ ಬೈಕು, ಬಿಡಿ. ನಮ್ಮ ಸವಾರನಿಗೆ ಅದಕ್ಕಿಂತ ಹೆಚ್ಚು ಉಪಯೋಗವಾಗುವುದು ಲಾರಿ, ಬಸ್ಸುಗಳಿಗೆ ಕಣ್ಣು ಬಂದರೆ. ಎಡಗಡೆಯ ಮರೆಯಲ್ಲಿ ಸ್ಕೂಟರ್ ಇದೆ ಎಂದು ಚಾಲಕನಿಗೆ ತಿಳಿಸುವ ಸೆನ್ಸರ್ ಕಾಯುವುದು ಲಾರಿಯವನನ್ನಲ್ಲ, ಸ್ಕೂಟರಿನವನನ್ನು.

ಎಲ್ಲ ಉಪಾಯವೂ ದುಬಾರಿಯಾಗಬೇಕಿಲ್ಲ. ಕೆಲವು ವರ್ಷಗಳ ಹಿಂದೆ ಹಗಲಲ್ಲಿ ಬೈಕಿನ ಹೆಡ್‌ಲೈಟ್ ಉರಿಯುತ್ತಿದ್ದರೆ ಎದುರಿನವರು ಅಂಗೈ ಅರಳಿಸಿ ಮುಚ್ಚಿ ‘ಲೈಟು, ಲೈಟು’ ಎಂದು ಸನ್ನೆ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದಾಗಲೆಲ್ಲ ದೀಪ ಉರಿಯಲೇಬೇಕೆಂಬ ನಿಯಮ ಬಂದದ್ದರ ಫಲ ಅದು. ‘ಬೈಕು ಬಂದದ್ದೇ ಕಾಣಲಿಲ್ಲ ಸಾರ್’ ಎಂದು ಗುದ್ದಿದವರು ಹೇಳುವುದು ಯಾವಾಗಲೂ ನೆಪವಲ್ಲ. ಬೈಕಿನ ಮುಖ ಕಿರಿದು, ಅದು ಎಷ್ಟು ದೂರದಲ್ಲಿದೆ, ಎಷ್ಟು ಬೇಗ ಬರುತ್ತಿದೆ ಎಂದು ಕಣ್ಣಿಗೆ ಸುಲಭದಲ್ಲಿ ಅಂದಾಜು ಸಿಗುವುದಿಲ್ಲ. ಸ್ವಿಚ್ಚೇ ಇಲ್ಲದ ಆ ದೀಪ ಸವಾರನನ್ನು ಕಾಣಿಸುತ್ತದೆ.

ಇನ್ನು ಕ್ಯಾಮೆರಾಗಳು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಬುದ್ಧಿವಂತ ಸಂಚಾರ ನಿರ್ವಹಣಾ ವ್ಯವಸ್ಥೆ ಚಾಲನೆಗೆ ಬಂತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು, ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮೆರಾಗಳು ಅದರಲ್ಲಿದ್ದವು. ಹೆಲ್ಮೆಟ್ ಇಲ್ಲದವರು, ಮೂವರು ಕೂತವರು, ಫೋನ್ ಹಿಡಿದವರು, ಎಲ್ಲರಿಗೂ ದಂಡದ ಸಂದೇಶ ಮೊಬೈಲಿಗೇ ಬರುತ್ತದೆ. ಇದಕ್ಕೆ ಬಲ ಕೊಟ್ಟದ್ದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 136ಎ ಕಲಮು. ರಸ್ತೆ ಬದಿಯಲ್ಲಿ ಅಡ್ಡಗಟ್ಟಿ ಕೀಲಿಕೈ ಕಸಿಯುವುದಕ್ಕಿಂತ ಇದು ಮರ್ಯಾದೆಯ ವಿಧಾನ, ಚೌಕಾಸಿಗೆ ಇಲ್ಲಿ ಜಾಗವಿಲ್ಲ.

ಆದರೆ ಕ್ಯಾಮೆರಾ ಕಾಣುವುದು ತಲೆಯ ಮೇಲೊಂದು ಚಿಪ್ಪು ಇದೆಯೇ ಎಂಬುದನ್ನು. ಅದು ಐಎಸ್‌ಐ ಗುರುತಿನದೇ, ಗದ್ದದ ಪಟ್ಟಿ ಬಿಗಿದಿದೆಯೇ ಎಂಬುದನ್ನಲ್ಲ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಆದರೂ ಹೆದ್ದಾರಿ ಬದಿಯ ಮರದ ಕೆಳಗೆ ಬಣ್ಣಬಣ್ಣದ ಚಿಪ್ಪುಗಳು ಸಾಲಾಗಿ ತೂಗುತ್ತಲೇ ಇವೆ. ಅವು ದಂಡದಿಂದ ಕಾಪಾಡುತ್ತವೆ, ಡಾಂಬರಿನಿಂದ ಕಾಪಾಡುವುದಿಲ್ಲ. ಇನ್ನೊಂದು ಸಂಗತಿ. ಬಾಕಿ ದಂಡಕ್ಕೆ ಶೇ 50 ರಿಯಾಯಿತಿಯನ್ನು ನಮ್ಮ ರಾಜ್ಯ 2023ರ ಫೆಬ್ರುವರಿಯಲ್ಲಿ ಕೊಟ್ಟಿತು, ಆಮೇಲೂ ಕೊಟ್ಟಿತು. ಖಜಾನೆಗೆ ಹಣ ಬಂತು ನಿಜ. ಆದರೆ ದಂಡಕ್ಕೂ ಆಷಾಢ ಸೇಲ್ ಇದೆ ಎಂದು ಗೊತ್ತಾದವನು ಕ್ಯಾಮೆರಾಕ್ಕೆ ಎಷ್ಟು ಹೆದರಿಯಾನು? ತಪ್ಪು ಮಾಡಿದರೆ ಸಿಕ್ಕಿಬೀಳುವುದು ಖಚಿತ, ಬೇಗ ಕಟ್ಟುವುದೂ ಖಚಿತ ಎಂಬ ನಂಬಿಕೆ ಹುಟ್ಟಿಸದಿದ್ದರೆ ಕ್ಯಾಮೆರಾ ವಸೂಲಿಯ ಯಂತ್ರವಾಗಿಯೇ ಉಳಿಯುತ್ತದೆ. 2007ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಹೆಲ್ಮೆಟ್ಟನ್ನು ಎಲ್ಲ ರಸ್ತೆಗಳಲ್ಲೂ, ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿತು. ಬಿಗಿಯಾಗಿ ಜಾರಿ ಮಾಡಿದ್ದರಿಂದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸವಾರರು ಬಹುಬೇಗ ಹೆಲ್ಮೆಟ್ ಧರಿಸತೊಡಗಿದರು. ಅದು ಕ್ಯಾಮೆರಾ ಮಾಡಿದ ಕೆಲಸವಲ್ಲ.

ರಸ್ತೆಯ ಪಾಲನ್ನೂ ಮರೆಯುವಂತಿಲ್ಲ. ಬಣ್ಣ ಬಳಿಯದ ಹಂಪು, ತಿರುವಿನಲ್ಲಿ ಚೆಲ್ಲಿದ ಜಲ್ಲಿ ಕಾರಿಗೆ ಒಂದು ಕುಲುಕಾಟ, ಬೈಕಿಗೆ ಆಸ್ಪತ್ರೆ. ಎಲ್ಲಿ, ಹೇಗೆ ಅಪಘಾತವಾಯಿತು ಎಂಬುದನ್ನು ಪೊಲೀಸರು ಸ್ಥಳದಿಂದಲೇ ಮೊಬೈಲಿನಲ್ಲಿ ದಾಖಲಿಸುವ ‘ಐರ್‍ಯಾಡ್’ ಎಂಬ ವ್ಯವಸ್ಥೆಯನ್ನು ಮದ್ರಾಸ್ ಐಐಟಿ ರೂಪಿಸಿತು, ಅದನ್ನು ಮೊದಲು ಅಳವಡಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಕ್ಷೆಯಲ್ಲಿ ಚುಕ್ಕಿಗಳು ಒಂದೇ ಕಡೆ ಗುಂಪಾದರೆ ತಪ್ಪು ಬರೀ ಸವಾರರದಲ್ಲ, ಆ ಜಾಗದ್ದೂ ಹೌದು ಎಂದು ತಿಳಿಯಬಹುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ನೂರರ ವೇಗದ ಕಾರುಗಳ ನಡುವಿನಿಂದ ಬೈಕನ್ನು ಬಿಡಿಸಿದ್ದು ಸರಿಯೇ. ಹಾಗೆ ಹೊರಗಿಟ್ಟವರಿಗೆ ಸರ್ವಿಸ್ ರಸ್ತೆಯನ್ನು ಅಷ್ಟೇ ಚೊಕ್ಕವಾಗಿ ಕೊಡುವ ಹೊಣೆಯೂ ಸರ್ಕಾರದ್ದು. ಮಲೇಷ್ಯಾ 1970ರ ದಶಕದಲ್ಲೇ ತನ್ನ ಫೆಡರಲ್ ಹೆದ್ದಾರಿಯ ಪಕ್ಕದಲ್ಲಿ ಬೈಕುಗಳಿಗೆಂದೇ ಬೇರೆ ದಾರಿ ಕಟ್ಟಿತು. ಅಲ್ಲಿ ಬೈಕಿನವರನ್ನು ಹೊರಗಟ್ಟಲಿಲ್ಲ, ಪಕ್ಕಕ್ಕೆ ಕರೆದು ಜಾಗ ಕೊಟ್ಟರು.

ಇಷ್ಟೆಲ್ಲ ಇದ್ದರೂ ವೇಗದ ಲೆಕ್ಕವನ್ನು ಯಾವ ಯಂತ್ರವೂ ಬದಲಿಸದು. ಒಣ ರಸ್ತೆ, ಒಳ್ಳೆಯ ಬ್ರೇಕು, ಅಪಾಯ ಕಂಡು ಕೈ ಬಿಗಿಯಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದವನು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತಾನೆ. 60ರಲ್ಲಿದ್ದವನಿಗೆ 37 ಮೀಟರ್ ಬೇಕು, ಹೆಚ್ಚುಕಡಿಮೆ ಮೂರು ಬಸ್ಸುಗಳ ಉದ್ದ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಮೊದಲನೆಯವನು ನಿಂತ ಜಾಗವನ್ನು ಎರಡನೆಯವನು ದಾಟುವಾಗ ಅವನ ವೇಗ ಇನ್ನೂ 55ರ ಆಸುಪಾಸಿನಲ್ಲಿರುತ್ತದೆ. ಅವನು ಬ್ರೇಕು ಹಿಡಿಯಲು ಈಗಷ್ಟೇ ಶುರು ಮಾಡಿರುತ್ತಾನೆ.

ಆದ್ದರಿಂದ ನನ್ನ ಸಲಹೆ ಇಷ್ಟು. 110ರ ಬದಲು 125 ಸಿಸಿಯಲ್ಲಿ ಎಬಿಎಸ್ ಇರುವ ಮಾದರಿ ಕೈಗೆಟುಕಿದರೆ ಅದನ್ನೇ ತೆಗೆದುಕೊಳ್ಳಿ, ಕಂತು ಒಂದಷ್ಟು ತಿಂಗಳು ಹೆಚ್ಚಾದರೂ ಚಿಂತೆಯಿಲ್ಲ. ಅದು ಎರಡೂ ಗಾಲಿಗಿದೆಯೋ ಮುಂದಿನದಕ್ಕಷ್ಟೇ ಇದೆಯೋ ಕೇಳಿ. ಮುಂದಿನದಕ್ಕಷ್ಟೇ ಇದ್ದರೂ ದೊಡ್ಡ ಅಪಾಯ ತಪ್ಪುತ್ತದೆ. ಜಲ್ಲಿ, ಮರಳಿನ ಮೇಲೆ, ಗಾಡಿ ವಾಲಿಸಿದ ತಿರುವಿನಲ್ಲಿ ಎಬಿಎಸ್ ಪವಾಡ ಮಾಡುವುದಿಲ್ಲ ಎಂದು ಮಗನಿಗೂ ಗೊತ್ತಿರಲಿ. ಹೆಲ್ಮೆಟ್ ಎರಡು ಕೊಳ್ಳಿ, ಹಿಂದೆ ನೀವೂ ಕೂರುತ್ತೀರಲ್ಲ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ 50,029 ಜನರಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. ಇನ್ನೊಂದು ಮಾತು, ಬೇಡವೆಂದೇ ಹಾರೈಸುತ್ತಾ ಹೇಳುತ್ತಿದ್ದೇನೆ: ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಮುಂಗಡ ಕಟ್ಟದೆ ಪಡೆಯುವ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. 112 ನಂಬರು ಮನೆಯ ಎಲ್ಲರ ಫೋನಿನಲ್ಲೂ ಇರಲಿ.

ಕೊನೆಯದಾಗಿ, ಗಾಡಿ ಮನೆಗೆ ಬಂದು ಪೂಜೆಯಾದ ಮೇಲೆ ಬರುವ ಭಾನುವಾರ ಬೆಳಿಗ್ಗೆ ತಂದೆ ಮಗ ಇಬ್ಬರೂ ಖಾಲಿ ಮೈದಾನಕ್ಕೆ ಹೋಗಲಿ. ಹೆಲ್ಮೆಟ್ ಹಾಕಿಕೊಂಡು, ಗಟ್ಟಿ ನೆಲದ ಮೇಲೆ, ನೇರ ದಾರಿಯಲ್ಲಿ ನಿಧಾನಕ್ಕೆ ಶುರು ಮಾಡಿ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು ನಿಲ್ಲಿಸುವುದನ್ನು ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಲಿ. ಪ್ರತಿ ಸಲವೂ ಬಿಗಿ ಸ್ವಲ್ಪ ಸ್ವಲ್ಪವೇ ಹೆಚ್ಚಲಿ. ಎಬಿಎಸ್ ಕೆಲಸ ಮಾಡುವಾಗ ಬ್ರೇಕಿನ ಹಿಡಿ ಬೆರಳ ಕೆಳಗೆ ಟಕಟಕನೆ ಮಿಡಿಯುತ್ತದೆ. ಅದನ್ನು ಮೊದಲೇ ಅರಿಯದವನು ಏನೋ ಕೆಟ್ಟಿತೆಂದು ಹೆದರಿ, ಗಟ್ಟಿಯಾಗಿ ಹಿಡಿಯಲೇಬೇಕಾದ ಕ್ಷಣದಲ್ಲಿ ಕೈ ಬಿಟ್ಟುಬಿಡುತ್ತಾನೆ. ಆ ಮಿಡಿತವನ್ನು ಮಗ ಆ ಮೈದಾನದಲ್ಲೇ ಗುರುತು ಹಿಡಿದುಕೊಳ್ಳಲಿ. ಆಮೇಲೆ ನಿಮ್ಮ ಮನೆಯವರೇ ಒಮ್ಮೆ ಗಾಡಿ ಹತ್ತಿ ಮುಂದಿನ ಬ್ರೇಕು ಹಿಡಿದು ನೋಡಲಿ.