ಶಾಲೆಯ ತಾರಸಿಯ ಮೇಲೆ ಸೌರವಿದ್ಯುತ್ತು: ಪೋಷಕರ ಹಕ್ಕು, ಪೋಷಕರ ಹೊಣೆ

ಮಕ್ಕಳಿಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿದ 2009ರ ಕಾಯಿದೆಯು, ಶಾಲೆಯೊಂದಕ್ಕೆ ಇರಲೇಬೇಕಾದುವೆಂದು ಮಳೆಬಿಸಿಲುಗಳಿಗೆ ತಡೆಯುವ ಕಟ್ಟಡವನ್ನೂ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯಗಳನ್ನೂ, ಕುಡಿಯುವ ನೀರನ್ನೂ, ಆಟದ ಬಯಲನ್ನೂ, ಆವರಣದ ಗೋಡೆಯನ್ನೂ ತನ್ನ ಅನುಸೂಚಿಯಲ್ಲಿ ಎಣಿಸಿ ಹೇಳಿರುವುದಾದರೂ ವಿದ್ಯುತ್ತಿನ ಮಾತನ್ನು ಅಲ್ಲಿ ಎತ್ತಿಲ್ಲ. ಆದುದರಿಂದ ತಮ್ಮೂರ ಶಾಲೆಗೆ ಸೌರವಿದ್ಯುತ್ತು ಬೇಕೆಂದು ಬಯಸುವ ಪೋಷಕರು ಅನುಸೂಚಿಯನ್ನು ಮುಂದಿಟ್ಟು ವಾದಿಸುವಂತಿಲ್ಲ. ಅದೇ ಕಾಯಿದೆಯ 21 ಮತ್ತು 22ನೆಯ ಪ್ರಕರಣಗಳನ್ನು ಹಿಡಿಯಬೇಕು. ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರುವ, ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದ ಸಮಿತಿಯನ್ನು 21ನೆಯ ಪ್ರಕರಣವು ವಿಧಿಸುತ್ತದೆ. ನಮ್ಮ ನಾಡಿನಲ್ಲಿ ಎಸ್‌ಡಿಎಂಸಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಈ ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸತಕ್ಕದ್ದೆಂದೂ, ಸರ್ಕಾರವಾಗಲಿ ಸ್ಥಳೀಯ ಪ್ರಾಧಿಕಾರವಾಗಲಿ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗತಕ್ಕದ್ದೆಂದೂ 22ನೆಯ ಪ್ರಕರಣವು ಹೇಳುತ್ತದೆ. ಇಡೀ ಕಾಯಿದೆಯಲ್ಲಿ ಪೋಷಕರ ಕೈಗೆ ಇಷ್ಟು ಬಲವನ್ನು ಕೊಡುವ ವಾಕ್ಯ ಮತ್ತೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅನುದಾನಿತ ಮತ್ತು ಅಲ್ಪಸಂಖ್ಯಾತರ ಶಾಲೆಗಳಲ್ಲಿ ಮಾತ್ರ ಸಮಿತಿಯು ಸಲಹೆ ಕೊಡಬಹುದೇ ಹೊರತು ನಿರ್ಣಯವು ಆಡಳಿತ ಮಂಡಳಿಯದು.

ಯೋಜನೆಯಲ್ಲಿ ಬರೆಯುವ ಮುನ್ನ ತಾರಸಿಯನ್ನು ನೋಡಬೇಕು. ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ನೆರಳಿಲ್ಲದ ಸುಮಾರು ನೂರು ಚದರ ಅಡಿ ಜಾಗ ಬೇಕಾಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಅದರಿಂದ ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ವಿದ್ಯುತ್ತು ದೊರೆಯುತ್ತದೆ. ಧ್ವಜಸ್ತಂಭದ ತೆಳ್ಳನೆಯ ನೆರಳೂ ಒಂದು ಫಲಕದ ಮೇಲೆ ಬಿದ್ದರೆ, ಅದರೊಡನೆ ಸಾಲಾಗಿ ಜೋಡಿಸಿದ ಉಳಿದ ಫಲಕಗಳ ಉತ್ಪತ್ತಿಯನ್ನೂ ಕುಂದಿಸೀತು. ನಮ್ಮ ನಾಡು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕೆ ಇರುವುದರಿಂದ ಡಿಸೆಂಬರ್ ತಿಂಗಳ ನಡುಹಗಲಿನಲ್ಲಿ ಉತ್ತರಕ್ಕೆ ಬೀಳುವ ನೆರಳು ಜೂನ್ ತಿಂಗಳಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಆದುದರಿಂದ ಕಟ್ಟಡದ ಉತ್ತರಕ್ಕಿರುವ ಹುಣಿಸೆಮರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಗಿನ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತಾರಸಿಯ ಮೇಲೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸುವ ಕೆಲಸವನ್ನು, ಒಬ್ಬ ಶಿಕ್ಷಕರು ಜೊತೆಗಿದ್ದು, ಏಳನೆಯ ತರಗತಿಯ ಮಕ್ಕಳಿಂದಲೇ ಮಾಡಿಸಬಹುದು. ವಿಜ್ಞಾನದ ಪಾಠವೂ ಅಲ್ಲಿಯೇ ಆಗುತ್ತದೆ. ತಾರಸಿಯು ಭಾರವನ್ನು ತಡೆದೀತೆಂಬುದಕ್ಕೆ ಜಿಲ್ಲಾ ಪಂಚಾಯಿತಿಯ ಎಂಜಿನಿಯರಿಂದ ಬರಹದಲ್ಲಿ ದೃಢೀಕರಣ ಪಡೆಯಬೇಕು. ಹೆಂಚಿನ ಮಾಡಿನ ಹಳೆಯ ಶಾಲೆಗಳಲ್ಲಿ ಈ ಪರೀಕ್ಷೆಯು ಇನ್ನೂ ಅವಶ್ಯ.

ಅನಂತರ ಬರುವ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ವಿದ್ಯುತ್ತನ್ನು ಸರಬರಾಜು ಮಾಡುವ ಎಸ್ಕಾಂನ ತಂತಿಗೆ ಜೋಡಿಸಿದ ಸಾಮಾನ್ಯ ಸೌರಘಟಕವು, ಲೈನ್‌ಮನ್ ಕಂಬದ ಮೇಲಿದ್ದಾಗ ಅವನ ಪ್ರಾಣಕ್ಕೆ ಅಪಾಯವಾಗಬಾರದೆಂಬ ಕಾರಣದಿಂದ, ಕರೆಂಟು ಹೋದೊಡನೆ ತಾನೂ ನಿಂತುಹೋಗುತ್ತದೆ. ಬಿಸಿಲು ಎಷ್ಟೇ ಇದ್ದರೂ ತರಗತಿಯ ಫ್ಯಾನು ತಿರುಗುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು ಕೊಡುವುದಾಗಿ ರಾಜ್ಯ ಸರ್ಕಾರವು 2023ರ ನವೆಂಬರ್ 1ರಂದು ಘೋಷಿಸಿರುವುದರಿಂದ, ಅಂಥ ಶಾಲೆಯ ಚಿಂತೆಯು ಬಿಲ್ಲಿನದಕ್ಕಿಂತ ಹೆಚ್ಚಾಗಿ ಹಗಲು ಹೊತ್ತಿನ ಕಡಿತದ್ದು. ಅದಕ್ಕೆ ಬ್ಯಾಟರಿಯುಳ್ಳ ಘಟಕವೇ ಬೇಕು. ಬಿಲ್ಲನ್ನು ತಾನೇ ಕಟ್ಟುವ ಖಾಸಗಿ ಶಾಲೆಗಾದರೋ ಜಾಲಕ್ಕೆ ಹರಿಸಿದ ವಿದ್ಯುತ್ತನ್ನು ಬಿಲ್ಲಿನಲ್ಲಿ ಕಳೆಯುವ ನೆಟ್ ಮೀಟರಿಂಗ್ ಲಾಭದಾಯಕ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ಪ್ರಖರವಾಗಿರುವಾಗಲೇ ಶಾಲೆಗೆ ರಜೆಯಿರುವುದರಿಂದ, ಆಗ ಉತ್ಪತ್ತಿಯಾದುದು ಜಾಲಕ್ಕೆ ಹರಿದು ಲೆಕ್ಕಕ್ಕೆ ಬರುತ್ತದೆ. ಸಭೆಯ ನಡಾವಳಿಯಲ್ಲಿ ಈ ಎರಡರಲ್ಲಿ ಯಾವುದು ಬೇಕೆಂದು ಸ್ಪಷ್ಟವಾಗಿ ಬರೆಯದಿದ್ದರೆ, ಮಾರುವವನಿಗೆ ಸುಲಭವಾದುದೇ ಶಾಲೆಯ ಪಾಲಿಗೆ ಬರುತ್ತದೆ.

ಜಾಲಕ್ಕೆ ಜೋಡಿಸುವುದಾದರೆ ಆರ್.ಆರ್. ನಂಬರನ್ನು ನಮೂದಿಸಿ ಎಸ್ಕಾಂಗೆ ಅರ್ಜಿ ಸಲ್ಲಿಸಬೇಕು. ವಿದ್ಯುತ್ ಗ್ರಾಹಕರ ಹಕ್ಕುಗಳ ಕುರಿತಾದ 2020ರ ಕೇಂದ್ರ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಆದ ತಿದ್ದುಪಡಿಯ ಮೇರೆಗೆ, 10 ಕಿಲೋವ್ಯಾಟ್ ವರೆಗಿನ ಪೂರ್ಣವಾದ ಅರ್ಜಿಯು ತಾಂತ್ರಿಕ ಪರಿಶೀಲನೆಯಿಲ್ಲದೆಯೇ ಅಂಗೀಕೃತವಾದಂತೆ. ಅದಕ್ಕೆ ತಕ್ಕಂತೆ ಮಂಜೂರಾದ ಲೋಡನ್ನು ಹೆಚ್ಚಿಸುವ ಹೊಣೆಯೂ ಎಸ್ಕಾಂನದೇ. ಅದಕ್ಕಿಂತ ದೊಡ್ಡ ಘಟಕಕ್ಕೆ 15 ದಿನಗಳೊಳಗೆ ಪರಿಶೀಲನೆ ಮುಗಿಯತಕ್ಕದ್ದು. ಮುಗಿಯದಿದ್ದರೆ ಅದೂ ಅಂಗೀಕೃತವೇ. ಅಳವಡಿಕೆಯ ಪ್ರಮಾಣಪತ್ರವನ್ನು ಕೊಟ್ಟ 15 ದಿನಗಳೊಳಗೆ ಮೀಟರು ಕೂಡಿಸಿ ಚಾಲನೆ ಕೊಡಬೇಕು. ಈ ದಿನಗಳ ಲೆಕ್ಕವು ಸ್ವೀಕೃತಿಯ ದಿನದಿಂದ ಆರಂಭವಾಗುವುದರಿಂದ, ಮೊಹರು ಬಿದ್ದ ಸ್ವೀಕೃತಿಯಿಲ್ಲದೆ ಕಚೇರಿಯಿಂದ ಹೊರಬರಬಾರದು.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ದೊರೆಯುವ 78,000 ರೂಪಾಯಿಯ ಸಹಾಯಧನವು ವಾಸದ ಮನೆಗಳಿಗೆ ಮಾತ್ರ ಸಲ್ಲುವುದು. ಅದನ್ನು ಶಾಲೆಗೂ ಕೊಡಿಸುತ್ತೇನೆಂದು ಮುಂಗಡ ಕೇಳುವವನನ್ನು ನಂಬಬಾರದು. ಕಂಪನಿಗಳ 2013ರ ಕಾಯಿದೆಯ 135ನೆಯ ಪ್ರಕರಣಕ್ಕೆ ಒಳಪಟ್ಟ ಸಂಸ್ಥೆಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕಾಗಿದ್ದು, ಶಿಕ್ಷಣವೂ ಪರಿಸರವೂ ಆ ಪಟ್ಟಿಯಲ್ಲಿವೆ. ಸಮೀಪದ ಕಾರ್ಖಾನೆಯೊಂದಕ್ಕೆ ಸಮಿತಿಯು ತನ್ನ ನಿರ್ಣಯದ ಪ್ರತಿಯೊಡನೆ ಮನವಿ ಮಾಡಬಹುದು. ಸರ್ಕಾರದ ಅನುದಾನದಿಂದ ಕೊಳ್ಳುವಾಗ ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತಾ ಕಾಯಿದೆಯು ಅನ್ವಯಿಸುತ್ತದೆ. ಕಂಪನಿಯೇ ಫಲಕ ಹಾಕಿ ಇಪ್ಪತ್ತೈದು ವರ್ಷ ವಿದ್ಯುತ್ತು ಮಾರುವೆನೆಂದರೆ, ಕಟ್ಟಡವು ಇಲಾಖೆಯದಾದುದರಿಂದ, ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಸಮಿತಿಯ ಅಧ್ಯಕ್ಷರು ಸಹಿ ಹಾಕತಕ್ಕದ್ದಲ್ಲ.

ದಾನವಾಗಿ ಬಂದ ಘಟಕಗಳು ಬಹುತೇಕ ಕೆಡುವುದು ಬಿಸಿಲಿನ ಕೊರತೆಯಿಂದಲ್ಲ, ಹೊಣೆಯನ್ನು ಯಾರೂ ಬರೆದಿಡದಿರುವುದರಿಂದ. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ, ಡಿಸ್ಟಿಲ್ಡ್ ವಾಟರ್ ಕಾಣದೆ ಬತ್ತಿದ ಬ್ಯಾಟರಿ, ಅದರ ಟರ್ಮಿನಲ್ಲಿನ ಮೇಲೆ ಬೆಳ್ಳಗೆ ಹೂತ ಉಪ್ಪು, ಉರಿಯದ ಇನ್ವರ್ಟರಿನ ದೀಪ. ಮೇಲೆ ಹಕ್ಕಿಯ ಹಿಕ್ಕೆ ಒಣಗಿದ ಫಲಕ. ಇಂಥದು ಒದಗದಿರಬೇಕಾದರೆ ಹಸ್ತಾಂತರದ ದಿನವೇ ದಾಸ್ತಾನು ವಹಿಯಲ್ಲಿ ಪ್ರತಿಯೊಂದು ಫಲಕದ ಕ್ರಮಸಂಖ್ಯೆ ದಾಖಲಾಗಬೇಕು. ಫಲಕವು ಇಪ್ಪತ್ತೈದು ವರ್ಷ ಬಾಳಬಹುದಾದರೂ ಇನ್ವರ್ಟರೂ ಬ್ಯಾಟರಿಯೂ ಅದಕ್ಕಿಂತ ಬಹಳ ಮೊದಲೇ ಸವೆಯುವುದರಿಂದ, ಅವುಗಳ ಬದಲಾವಣೆಗೆ ಹಣವನ್ನು ಯಾರು ಕೊಡುವರೆಂಬುದು ಒಪ್ಪಂದದಲ್ಲಿರಬೇಕು. ಫಲಕ ತೊಳೆಯುವವರು ಯಾರು, ದುರಸ್ತಿಗೆ ಕರೆದರೆ ಎಷ್ಟು ದಿನಗಳಲ್ಲಿ ಬರುವರು ಎಂಬುದೂ ಇರಬೇಕು. ಮಕ್ಕಳನ್ನು ತಾರಸಿಯ ಅಂಚಿಗೆ ಹತ್ತಿಸಿ ಫಲಕ ತೊಳೆಸುವುದು ಎಂದಿಗೂ ಕೂಡದು.

ಎಸ್ಕಾಂ ಅವಧಿ ಮೀರಿದರೆ 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆಯನ್ನು ಪಡೆಯಬೇಕು. ಪ್ರಯೋಜನವಾಗದಿದ್ದರೆ 2003ರ ವಿದ್ಯುತ್ ಕಾಯಿದೆಯ 42ನೆಯ ಪ್ರಕರಣದಂತೆ ಸ್ಥಾಪಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಯೂ ಸಮಾಧಾನ ದೊರೆಯದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ರಿಗೂ ದೂರು ಸಲ್ಲಿಸಬಹುದು. ಅನುದಾನ ಬಂದಿದೆಯೆಂಬ ಸುದ್ದಿಯಿದ್ದು ಘಟಕ ಬಾರದಿದ್ದಲ್ಲಿ, 10 ರೂಪಾಯಿ ಶುಲ್ಕದೊಡನೆ, ನೂರೈವತ್ತು ಪದಗಳನ್ನು ಮೀರದೆ, ಒಂದೇ ವಿಷಯವನ್ನು ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಬರತಕ್ಕದ್ದು. ಮಂಜೂರಾತಿ ಆದೇಶದ ಪ್ರತಿಯನ್ನೇ ಕೇಳುವುದು ಲೇಸು, ಅದು ಮುಂದಿನ ಸಭೆಯ ನಡಾವಳಿಗೆ ಲಗತ್ತಾಗಿ ಸಮಿತಿಯ ಎಲ್ಲ ಸದಸ್ಯರ ಕಣ್ಣಿಗೂ ಬೀಳುತ್ತದೆ.