ಒದ್ದೆ ಬಟ್ಟೆ ಆರುವ ತನಕ

ನೌಕರಿ ಬಿಟ್ಟವರಿಗೆ ಎಲ್ಲಿಗಾದರೂ ಹೋಗಿ ಬಾ ಎಂದು ಹೇಳುವವರು ಬಹಳ. ಗೋಕರ್ಣ, ಋಷಿಕೇಶ, ಚಿಕ್ಕಮಗಳೂರಿನ ಹೋಮ್‌ಸ್ಟೇ ಎಂದು ಗೆಳತಿಯರು ನನಗೂ ಪಟ್ಟಿ ಕೊಟ್ಟರು. ನಾನು ಗದಗ ಜಿಲ್ಲೆಗೆ ಹೊರಟೆ. ಅಲ್ಲಿ ಸಮುದ್ರವಿಲ್ಲ, ಮಂಜು ಮುಸುಕಿದ ತೋಟಗಳಿಲ್ಲ. ಎರೆಹೊಲ, ಗಾಳಿಯಂತ್ರ, ಹಳೇ ಗುಡಿ, ಕೆಂಪು ಬಸ್ಸು ಇವೆ. ಅವ್ವನ ತವರು ಆ ಸೀಮೆ. ಅಜ್ಜಿ ಹೋದ ಮೇಲೆ ಮನೆ ಮಾರಿದ್ದರಿಂದ ಉಳಿಯಲು ನೆಂಟರ ಮನೆ ಇರಲಿಲ್ಲ. ಅದು ಒಳ್ಳೆಯದೇ ಆಯಿತು. ನೆಂಟರಿದ್ದಿದ್ದರೆ "ಕೆಲಸ ಯಾಕ ಬಿಟ್ಟಿ?" ಎಂಬುದಕ್ಕೆ ಊಟಕ್ಕೊಮ್ಮೆ ಉತ್ತರ ಕೊಡಬೇಕಾಗುತ್ತಿತ್ತು.

ನಾನಿದ್ದದ್ದು ಬೆಂಗಳೂರಿನಲ್ಲಿ, ಸಾಲ ಕೊಡುವ ಒಂದು ಖಾಸಗಿ ಕಂಪನಿಯ ವಸೂಲಿ ವಿಭಾಗದಲ್ಲಿ. ಕಂತು ತಪ್ಪಿದವರಿಗೆ ಫೋನ್ ಮಾಡುವ ಕೆಲಸ. ಆ ಕಡೆಯ ಮಾತು ಬರುತ್ತದೆಂದು ಹುಬ್ಬಳ್ಳಿ, ಗದಗ, ಹಾವೇರಿ, ಕೊಪ್ಪಳದ ಪಟ್ಟಿಯೆಲ್ಲ ನನ್ನ ಪಾಲಿಗೆ. ಸಾಲಗಾರರಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಯವರು ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಫೋನ್ ಮಾಡುವವರ ದಿನ ಎಷ್ಟಕ್ಕೆ ಮುಗಿಯಬೇಕು ಎಂದು ಯಾವ ಸುತ್ತೋಲೆಯೂ ಹೇಳಲಿಲ್ಲ. ಏಳರ ಮೇಲೆ ವರದಿ, ವರದಿಯ ಮೇಲೆ ಮೀಟಿಂಗು, ಮೀಟಿಂಗಿನಲ್ಲಿ ನಾಳೆಯ ಗುರಿ. ತಿಂಗಳ ಕೊನೆಗೆ ಗುರಿ ಮುಟ್ಟಿದರೆ ಒಂದನೇ ತಾರೀಖು ಮತ್ತೆ ಸೊನ್ನೆಯಿಂದ ಶುರು. ಬರಬರುತ್ತ ಆ ಬದಿಯಿಂದ ಕೇಳುವ ದನಿಗಳು ನನಗೆ ಮನುಷ್ಯರ ದನಿಯಾಗಿ ಕೇಳಿಸುವುದೇ ನಿಂತಿತು. ರಾಜೀನಾಮೆ ಬರೆದದ್ದು ಆ ಹೆದರಿಕೆಗೆ.

ಹೊರಡುವ ಮೊದಲು ಮಾಡಿಕೊಳ್ಳಬೇಕಾದ ಲೆಕ್ಕವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಪ್ರವಾಸದ ಸುಖ ಅರ್ಧ ಅದರ ಮೇಲೆಯೇ ನಿಂತಿದೆ. ನೋಟಿಸ್ ಅವಧಿ ಪೂರ್ತಿ ಮುಗಿಸಿ, ಬಿಡುಗಡೆ ಪತ್ರ ಕೈಗೆ ಬಂದ ಮೇಲೆಯೇ ಚೀಲ ತುಂಬಿದೆ. ಐದು ವರ್ಷ ದಾಟಿದ ಸೇವೆಗೆ ಗ್ರಾಚ್ಯುಟಿ ಬರುತ್ತದೆ, ಕೊನೆಯ ವೇತನದ ಲೆಕ್ಕದಲ್ಲಿ ವರ್ಷಕ್ಕೆ 15 ದಿನದ ಸಂಬಳ. ಅದರ ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಪಿಎಫ್ ದುಡ್ಡು ಮುಟ್ಟಲಿಲ್ಲ. ಆಫೀಸಿನ ಆರೋಗ್ಯ ವಿಮೆ ಕೆಲಸದ ಕೊನೇ ದಿನವೇ ನಿಲ್ಲುತ್ತದೆ, ಆದ್ದರಿಂದ ಅದಕ್ಕೂ ಮೊದಲೇ ನನಗೂ ಅವ್ವನಿಗೂ ಬೇರೆ ವಿಮೆ ಮಾಡಿಸಿದೆ. ಮನೆ ಬಾಡಿಗೆಗೆ ಬೇಕಾದ ದುಡ್ಡನ್ನು ಬೇರೆ ಖಾತೆಗೆ ಹಾಕಿ ಅದರ ಕಾರ್ಡನ್ನು ಅವ್ವನ ಕೈಗೆ ಕೊಟ್ಟೆ. ಊರೂರು ತಿರುಗುವಾಗ ಒಂದು ದಿನವೂ ದುಡ್ಡಿನ ಚಿಂತೆ ನಿದ್ದೆಗೆಡಿಸಲಿಲ್ಲವೆಂದರೆ ಅದಕ್ಕೆ ಈ ತಯಾರಿಯೇ ಕಾರಣ.

ಗದಗದಲ್ಲಿ ಒಂದು ಲಾಡ್ಜ್ ಹಿಡಿದು, ಅದನ್ನೇ ನೆಲೆ ಮಾಡಿಕೊಂಡೆ. ಬೆಳಿಗ್ಗೆ ಬಸ್ಸು ಹತ್ತುವುದು, ಕತ್ತಲಾಗುವುದರೊಳಗೆ ಹಿಂತಿರುಗುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸು, ವೇಗದೂತ ಎರಡರಲ್ಲೂ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ. ಇದರಿಂದ ಆದ ದೊಡ್ಡ ಉಪಕಾರ ಸಾಲಿನಲ್ಲಿ ಕೂತ ಹೆಂಗಸರ ಸಂಖ್ಯೆ. ಒಬ್ಬಳೇ ಕೂತಿದ್ದೇನೆ ಎಂದು ಅನಿಸುವುದೇ ಇಲ್ಲ. "ಒಬ್ಬಾಕಿನ ಹೊಂಟೀ ಏನವಾ?" ಎಂದು ಕೇಳದ ಅಜ್ಜಿ ಇರಲಿಲ್ಲ, "ಹೌದವಾ" ಎಂದ ಮೇಲೆ ಬುತ್ತಿಯಿಂದ ಏನಾದರೂ ಕೈಗಿಡದ ಅಜ್ಜಿಯೂ ಇರಲಿಲ್ಲ.

ಮೊದಮೊದಲು ಬರೀ ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್ ಎಂಬುದನ್ನು ಕಾಯಿಲೆ ಎನ್ನದೆ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ಗುರುತಿಸಿ ಮೂರು ಲಕ್ಷಣ ಹೇಳಿತು: ತ್ರಾಣವೇ ಉಡುಗಿದಂತೆ ದಣಿವು, ಮಾಡುವ ಕೆಲಸದ ಬಗ್ಗೆ ಅಸಡ್ಡೆ, ತನ್ನ ಕೈಲಿ ಏನೂ ಆಗುವುದಿಲ್ಲವೆಂಬ ಭಾವ. ದಣಿವು ನಿದ್ದೆಗೆ ಕರಗಿತು. ಉಳಿದೆರಡು ಕರಗಲಿಲ್ಲ. ಅವಕ್ಕೆ ಬೇರೆ ಔಷಧ ಬೇಕಿತ್ತು, ಅದು ಸಿಕ್ಕಿದ್ದು ಬೇರೆಯವರು ದುಡಿಯುವುದನ್ನು ಹತ್ತಿರದಿಂದ ನೋಡುವುದರಲ್ಲಿ. ರಜೆಯಲ್ಲಿ ಕೆಲಸದ ಸೊಲ್ಲೇ ಬೇಡ ಎನ್ನುತ್ತಾರೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ.

ಗದಗದ ಜೋಡಿ ಊರು ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ಈಗ ಮುಂಚಿನಷ್ಟಿಲ್ಲ. ಆದರೂ ಕಿವಿಗೊಟ್ಟು ನಡೆದರೆ ಸಿಗುತ್ತದೆ. ಒಂದು ಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ "ಬರ್ರಿ, ಕುಂದರ್ರಿ" ಎಂದು ಒಳಗೆ ಕರೆದರು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಆ ಅಕ್ಕ ಸೀರೆ ನೇಯುತ್ತಿದ್ದರು. ಲಾಳಿ ಆಚೆ ಈಚೆ ಓಡುತ್ತಿತ್ತು, ಪಕ್ಕದಲ್ಲಿ ಅತ್ತೆ ಕಂಡಿಕೆ ಸುತ್ತುತ್ತಿದ್ದರು. ಇದ್ದಕ್ಕಿದ್ದಂತೆ ಕೈ ನಿಂತಿತು. ನನಗೆ ಏನೂ ಕಾಣಲಿಲ್ಲ. ಅವರು ಬಗ್ಗಿ, ಸಾವಿರಾರು ಎಳೆಗಳ ನಡುವಿನಿಂದ ಹರಿದ ಒಂದನ್ನು ಉಗುರಿನಿಂದ ಎತ್ತಿ, ಇನ್ನೊಂದು ತುಂಡು ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಕೂಡಿಸಿದರು. ಕೂಡಿಸಿದ ಜಾಗವನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದರು. ಆಮೇಲೆ ಮತ್ತೆ ಲಾಳಿ.

"ಒಂದ ಎಳಿಗೆ ಇಷ್ಟ್ಯಾಕ್ರಿ?" ಎಂದೆ.

"ಹರದಾಗ ನಿಂದ್ರಬೇಕ್ರಿ ಅಕ್ಕಾರ. ಹಂಗ ಹೊಡಕೊಂತ ಹೋದ್ರ ಸೀರಿ ತುಂಬ ಗೆರಿ ಬರ್ತೈತಿ. ಆಮ್ಯಾಲೆ ಎಷ್ಟ್ ಚಲೋ ನೇದ್ರೂ ಅದು ಮುಚ್ಚೂದಿಲ್ಲ."

ಕೆಲಸ ಬಿಟ್ಟದ್ದಕ್ಕೆ ನನ್ನೊಳಗೇ ಒಂದು ಅಳುಕಿತ್ತು, ಓಡಿಬಂದೆನೇನೋ ಎಂದು. ಆ ಮಾತು ಕೇಳಿದ ಮೇಲೆ ಅಳುಕು ಇಳಿಯಿತು. ಸಮಾಧಾನ ಮಾಡಲೆಂದು ಅವರು ಅದನ್ನು ಹೇಳಿರಲಿಲ್ಲ. ತಮ್ಮ ಕಸುಬಿನ ನಿಯಮವನ್ನಷ್ಟೇ ಹೇಳಿದ್ದರು. ನನಗೆ ತಾಗಿದ್ದೂ ಅದಕ್ಕೇ.

ವೀರನಾರಾಯಣನ ಗುಡಿಗೆ ಎರಡು ಸಲ ಹೋದೆ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಭಾರತ ಬರೆದದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಅವನು ಒರಗಿ ಕೂರುತ್ತಿದ್ದ ಕಂಬವನ್ನೂ ತೋರಿಸುತ್ತಾರೆ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತು, ಆರಿದ ಮೇಲೆ ಆ ದಿನದ ಕೆಲಸ ಮುಗಿಯಿತು. ಚಿಕ್ಕಂದಿನಲ್ಲಿ ಈ ಕಥೆಯನ್ನು ಪವಾಡವೆಂದು ಕೇಳಿದ್ದೆ. ಈ ಸಲ ಇದು ದುಡಿಮೆಯ ಕಥೆಯಾಗಿ ಕೇಳಿಸಿತು. ಗದಗದ ಬಿಸಿಲಿಗೆ ಒದ್ದೆ ಬಟ್ಟೆ ಎಷ್ಟು ಹೊತ್ತು ತಡೆದೀತು? ಅಷ್ಟೇ ಹೊತ್ತು ದಿನದಿನವೂ ಕೂತು ಹತ್ತು ಪರ್ವ ಕಟ್ಟಿದ. ಅಲ್ಲಿಗೆ ನಿಲ್ಲಿಸಿದ ಕೂಡ. ಮಿಕ್ಕ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಕೆಲಸವೊಂದನ್ನು ಪೂರ್ತಿ ನಾನೇ ಮುಗಿಸಬೇಕು, ನನ್ನ ನಂತರ ಯಾರೂ ಇಲ್ಲ ಎಂಬ ಭ್ರಮೆ ಆಫೀಸುಗಳಲ್ಲಿ ಬಲು ಬೇಗ ತಲೆಗೇರುತ್ತದೆ. ಆ ಕಂಬದ ಎದುರು ಕೂತರೆ ಅದು ಇಳಿಯುತ್ತದೆ.

ವೀರೇಶ್ವರ ಪುಣ್ಯಾಶ್ರಮದಲ್ಲಿ ಕಳೆದದ್ದು ಒಂದು ಮಧ್ಯಾಹ್ನ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, 1944ರಿಂದ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ಆಶ್ರಮ ಅದು. ಇಬ್ಬರೂ ಕಣ್ಣು ಕಾಣದವರು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿ ಅನ್ನವೂ ಸಂಗೀತವೂ ಸಿಕ್ಕಿದೆ. ಹುಡುಗನೊಬ್ಬ ಹಾರ್ಮೋನಿಯಂ ಹಿಡಿದು ಒಂದೇ ಸ್ವರದ ಸಾಲನ್ನು ಹಾಡುತ್ತಿದ್ದ, ತಪ್ಪಿದಲ್ಲಿ ತಾನೇ ನಿಲ್ಲಿಸಿ ಮೊದಲಿನಿಂದ ಹಿಡಿಯುತ್ತಿದ್ದ. ಎಷ್ಟು ಸಲ ತಪ್ಪಿದ ಎಂದು ಎಣಿಸುವವರು ಅಲ್ಲಿ ಯಾರೂ ಇರಲಿಲ್ಲ.

ಮಾಗಡಿ ಕೆರೆಗೆ ಬೆಳಗಿನ ಮೊದಲ ಬಸ್ಸಿಗೆ ಹೋಗಬೇಕು. ಶಿರಹಟ್ಟಿ ತಾಲೂಕಿನ ಈ ಕೆರೆ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಅವುಗಳ ಸಂತಾನದ ನೆಲ. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿರುವ ಹಕ್ಕಿಗಳು ಇಲ್ಲಿ ಹಗಲೆಲ್ಲ ಸುಮ್ಮನೆ ನೀರಿನ ಮೇಲೆ ಕೂತಿರುತ್ತವೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹೊತ್ತು ಏರುವ ಹೊತ್ತಿಗೆ ಸಾಲುಗಟ್ಟಿ ಕೆರೆಗೆ ಇಳಿಯುವುದನ್ನು ಏರಿಯ ಮೇಲೆ ನಿಂತು ನೋಡಿದೆ. ಅಷ್ಟು ದೂರ ಹಾರುವ ಹಕ್ಕಿಗೆ ವಿಶ್ರಾಂತಿಯೂ ಹಾರಾಟದ ಒಂದು ಭಾಗ. ಅದಕ್ಕೆ ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ ನೋಡಿದೆ. ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ನಡೆದುಕೊಳ್ಳುವ ಗದ್ದುಗೆ ಅದು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, 1617ರ ಜುಮ್ಮಾ ಮಸೀದಿ ಮೂರೂ ನಡೆದು ಹೋಗುವಷ್ಟು ದೂರದಲ್ಲಿವೆ. ಇದೇ ಹಳೆಯ ಪುಲಿಗೆರೆ. ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಒಂದು. ವಸೂಲಿ ವಿಭಾಗದ ತರಬೇತಿಯಲ್ಲಿ ನನ್ನ ಮಾತಿನ ಧಾಟಿಯನ್ನು ತಿದ್ದಲು ಬಹಳ ಪ್ರಯತ್ನಪಟ್ಟಿದ್ದರು. ಗುಡಿಯ ಕಟ್ಟೆಯ ಮೇಲೆ ಕೂತು ಸುತ್ತಲಿನವರ ಮಾತು ಕೇಳುತ್ತ, ಎಂಥ ಸಿರಿವಂತಿಕೆಯನ್ನು ಒರೆಸಿಹಾಕಲು ಹೊರಟಿದ್ದರಲ್ಲ ಎಂದು ನಿಜವಾಗಿಯೂ ಹೊಟ್ಟೆ ಉರಿಯಿತು.

ಎಳ್ಳಮಾಸೆ ಬಂದದ್ದು ಆಗಲೇ. ಬಸ್ಸಿನಲ್ಲಿ ಪರಿಚಯವಾದ ಚಿಕ್ಕಮ್ಮ ಒಬ್ಬರು, "ನಾಳೆ ಚರಗಕ್ಕ ಬಾರವಾ, ಹಬ್ಬದ ದಿನ ಲಾಡ್ಜಿನ್ಯಾಗ ಒಬ್ಬಾಕಿನ ಉಣಬಾರದು" ಎಂದು ಬಿಡದೆ ಕರೆದರು. ಲಕ್ಷ್ಮೇಶ್ವರದ ಆಚೆ ಅವರ ಹೊಲ. ಬನ್ನಿಗಿಡದ ಬುಡದಲ್ಲಿ ಪೂಜೆ, ಹೊಲದ ಸುತ್ತ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಸಾಲಾಗಿ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕೆನೆಮೊಸರು. ಊಟದ ನಡುವೆ ಮನೆಯ ಯಜಮಾನರು ತಾವಾಗಿಯೇ ಸಾಲದ ಮಾತು ತೆಗೆದರು. ನಾನು ಯಾವ ಕೆಲಸದಲ್ಲಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಮುಟ್ಟಸಾವರ ಅದೀವ್ರಿ, ಮುಳಗಸಾವರಲ್ಲ. ಹೆಸರು ಬಂದಾಗ ಒಂದೀಟು ರೊಕ್ಕ ಬರ್ತದ, ಕಡ್ಲಿ ಬಂದಾಗ ಒಂದೀಟು. ಇವ್ರು ತಿಂಗಳಾ ತಿಂಗಳಾ ಕೇಳಿದ್ರ ಹೊಲ ತಿಂಗಳಾ ತಿಂಗಳಾ ಬೆಳೀತೈತೇನು?"

ಇದೇ ಮಾತನ್ನು ಫೋನಿನಲ್ಲಿ ನೂರಾರು ಬಾಯಲ್ಲಿ ಕೇಳಿದ್ದೆ. ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ 'ನೆಪ' ಎಂಬ ಖಾನೆ ಇತ್ತು. ಈಗ ಎದುರಿಗೇ ಕಡಲೆ ಹೊಲವಿತ್ತು, ಹೂವು ಬಿಟ್ಟು ಕಾಯಿ ಕಟ್ಟುತ್ತಿತ್ತು, ಕೊಯ್ಲಿಗೆ ಇನ್ನೂ ವಾರಗಟ್ಟಲೆ ಹೊತ್ತು. ಆ ಗಿಡಗಳಿಗಿಂತ ದೊಡ್ಡ ಸಾಕ್ಷಿ ಬೇಕೆ? ಸಾಲದ ಕೆಲಸವೇ ಹೊಲಸು ಎಂದು ಅದುವರೆಗೆ ನಾನು ಅಂದುಕೊಂಡಿದ್ದೆನಲ್ಲ, ಅದು ಅಲ್ಲಿ ಸಡಿಲವಾಯಿತು. ಅವರು ಸಾಲವನ್ನು ಬೈಯಲಿಲ್ಲ. ಬೀಜಕ್ಕೂ ಗೊಬ್ಬರಕ್ಕೂ ಅದು ಬೇಕು. ಬೆಳೆಯ ಲೆಕ್ಕ ಗೊತ್ತಿಲ್ಲದವರ ಕೈಯಿಂದ ಬರುವುದಷ್ಟೇ ಅವರ ದೂರು.

ಮುಂಡರಗಿಯ ಕಡೆ ಕಡಿಮೆ ದಿನ ಇದ್ದೆ. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆ, ಸಿಂಗಟಾಲೂರಿನ ವೀರಭದ್ರೇಶ್ವರನ ಕೆಳಗೆ ಹರಿಯುವ ತುಂಗಭದ್ರೆ, 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಎಂದು ಆ ಕಡೆಯವರು ಹೇಳುತ್ತಾರೆ. ಗುಡ್ಡಕ್ಕೆ ಮಾತ್ರ ಒಬ್ಬರೇ ಹೋಗಬೇಡಿ. ತೋಳ, ಕತ್ತೆಕಿರುಬ ಇರುವ ಕಾಡು ಅದು. ಜನ ಸೇರುವ ದಿನ ನೋಡಿ ಕಪ್ಪತಮಲ್ಲಯ್ಯನ ಗುಡಿಗೆ ಹೋಗುವವರ ಜೊತೆ ಹೊರಡುವುದು ಕ್ಷೇಮ.

ಕೊನೆಗೆ ಕಣಗಿನಹಾಳಕ್ಕೆ ಹೋದೆ. ಗದಗದ ಪಕ್ಕದ ಹಳ್ಳಿ, ಪ್ರವಾಸಿಗರು ಬರುವ ಜಾಗವಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇಲ್ಲಿ. ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದು ಆಗಿನ್ನೂ ಒಂದು ವರ್ಷ. ಸಾಹುಕಾರರ ಬಡ್ಡಿಯಲ್ಲಿ ಸಿಕ್ಕಿಬಿದ್ದ ರೈತರಿಗೆ ಊರಿನವರೇ ಸೇರಿ ದುಡ್ಡು ಕೂಡಿಸಿ ಸಾಲ ಕೊಡಬಹುದು ಎಂಬುದು ಆಗ ಹೊಸ ವಿಚಾರ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಒಂದೇ ಬಾವಿ ನೀರು, ಒಂದೇ ಮಳೆ. ಹೆಸರು ಯಾವಾಗ ಬರುತ್ತದೆ, ಕಡಲೆ ಯಾವಾಗ ಬರುತ್ತದೆ ಎಂದು ಯಾರಿಗೂ ಯಾರೂ ವಿವರಿಸಬೇಕಿರಲಿಲ್ಲ. ಆ ಊರಿನ ಬೀದಿಯಲ್ಲಿ ನಿಂತಾಗ ನನ್ನ ಕಸುಬಿಗೂ ಒಂದು ಹುಟ್ಟೂರಿದೆ, ಮರ್ಯಾದೆಯ ಹುಟ್ಟೂರು ಎಂದು ಗಂಟಲು ಕಟ್ಟಿತು. ಕೈಯಲ್ಲಿರುವ ವಿದ್ಯೆಯನ್ನು ಬಿಸಾಕಬೇಕಾಗಿಲ್ಲ, ಅದನ್ನು ಎಲ್ಲಿ ಬಳಸಬೇಕು ಎಂದು ಹುಡುಕಿದರೆ ಸಾಕು ಎಂಬುದು ಅಲ್ಲಿ ಖಚಿತವಾಯಿತು.

ಬೆಂಗಳೂರಿಗೆ ಮರಳಿದ ಮೇಲೆ ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಲಿಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಪತ್ತಿನ ಸಹಕಾರಿ ಸಂಘ ಲೆಕ್ಕಪತ್ರಕ್ಕೆ ಜನ ಹುಡುಕುತ್ತಿತ್ತು, ಸಂದರ್ಶನಕ್ಕೆ ಹೋದೆ. ಸಂಬಳ ಹಿಂದಿನದಕ್ಕಿಂತ ಕಡಿಮೆ ಎಂದು ಮೊದಲೇ ಹೇಳಿದರು. ನಿಮ್ಮದೇನಾದರೂ ಕೇಳುವುದಿದೆಯೇ ಎಂದಾಗ ಒಂದೇ ಪ್ರಶ್ನೆ ಕೇಳಿದೆ: "ಬೆಳಿ ಬರೂತನಾ ಟೈಮ್ ಕೊಡ್ರಿ ಅಂತ ಸಾಲ ತಗೊಂಡಾವರು ಕೇಳಿದ್ರ, ಹೂಂ ಅನ್ನೋ ಅಧಿಕಾರ ಇಲ್ಲೆ ಯಾರಿಗೈತ್ರಿ?"

ಅಧ್ಯಕ್ಷರು ಪಕ್ಕದವರ ಮುಖ ನೋಡಿದರು. "ನಮ್ಮ ಸಮಿತಿಗೆ ಐತ್ರಿ. ತಿಂಗಳಿಗೊಮ್ಮೆ ಕೂಡ್ತೀವಿ. ಹೊಲ ನೋಡಿ ಬಂದಾವರು ಯಾರರೇ ಸಮಿತಿ ಮುಂದ ಹೇಳಬೇಕು, ಅದ ನಿಯಮ."

"ಹೊಲ ನೋಡಾಕ ನಾ ಹೋಗ್ತೀನ್ರಿ" ಎಂದೆ.